ಚಲಚ್ಚಿತ್ರದ ಸುರುಳಿ: ಅದರ ಪಾಲನೆಯೂ ಪ್ರದರ್ಶನವೂ

ನಾಟಕದ ಕಂಪೆನಿಯು ಊರಿಗೆ ಬಂದಾಗ ನಟರನ್ನೂ ಹಾರ್ಮೋನಿಯಂ ನುಡಿಸುವವನನ್ನೂ ಜನರು ಕಣ್ಣಾರೆ ಕಾಣುತ್ತಾರೆ. ಪರದೆಯನ್ನು ಎಳೆಯುವವನ ಕೈಯಾದರೂ ಒಮ್ಮೊಮ್ಮೆ ಕಾಣಿಸುತ್ತದೆ. ಸಿನೆಮಾ ಮಂದಿರದ ರೀತಿಯೇ ಬೇರೆ. ಅಲ್ಲಿ ಆಟವನ್ನು ನಡೆಯಿಸುವವನು ಪ್ರೇಕ್ಷಕರ ಬೆನ್ನ ಹಿಂದೆ, ಎತ್ತರದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಇರುತ್ತಿದ್ದನು. ಕೆಲಸವು ಚೆನ್ನಾಗಿ ನಡೆದಷ್ಟು ಹೊತ್ತೂ ಅವನೊಬ್ಬನು ಇದ್ದಾನೆಂಬುದೇ ಯಾರ ಮನಸ್ಸಿಗೂ ಬಾರದು. ಚಿತ್ರವು ನಿಂತಿತೆಂದರೆ ಮಾತ್ರ ಸಭೆಯೆಲ್ಲ ಹಿಂದಕ್ಕೆ ತಿರುಗಿ ಕೂಗುತ್ತಿತ್ತು. ಜನರು ಆಪರೇಟರನೆಂದು ಕರೆಯುತ್ತಿದ್ದ ಈ ಮನುಷ್ಯನ ವಿದ್ಯೆ ಎಂಥದು, ಅವನು ಕೈಯಲ್ಲಿ ಹಿಡಿಯುತ್ತಿದ್ದ ಫಿಲ್ಮಿನ ಸ್ವಭಾವವೇನು, ಬೆಳಗಾವಿಯಂಥ ನಗರದಿಂದ ಖಾನಾಪುರದಂಥ ತಾಲ್ಲೂಕು ಸ್ಥಳದ ಕಡೆಗೆ ಸುರುಳಿಗಳು ಸಾಗುವಾಗ ಅವುಗಳಿಗೆ ಏನಾಗುತ್ತಿತ್ತು, ಎಂಬ ವಿಷಯಗಳನ್ನು ವಿವರಿಸುವುದು ಈ ಭಾಷಣದ ಉದ್ದೇಶ. ಫಿಲ್ಮಿನ ಕಾಲವು ನಮ್ಮ ದೇಶದ ಮಂದಿರಗಳಲ್ಲಿ ೨೦೧೦ರ ದಶಕದ ಮೊದಲ ಭಾಗದಲ್ಲಿ ಬಹುಮಟ್ಟಿಗೆ ಮುಗಿಯಿತು. ಆದುದರಿಂದ ಈ ವಿದ್ಯೆಯನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇರುವಾಗಲೇ ಅದನ್ನು ತಿಳಿದುಕೊಳ್ಳುವುದು ಉಚಿತ.

ಬೆಳಗಾವಿಯ ಚಿತ್ರಪ್ರದರ್ಶನವು ಬೆಂಗಳೂರು ಮೈಸೂರುಗಳ ಪ್ರದರ್ಶನದಂತೆ ತೆಂಕಣದ ಕಡೆಗೆ ಮುಖಮಾಡಿ ಬೆಳೆದುದಲ್ಲ. ೧೯೫೬ನೆಯ ನವೆಂಬರ್ ೧ರ ವರೆಗೆ ಈ ಜಿಲ್ಲೆಯು ಮುಂಬಯಿಯ ಆಡಳಿತಕ್ಕೆ ಸೇರಿತ್ತು. ಪುಣೆಯಿಂದ ಮಿರಜಿಗೆ, ಮಿರಜಿನಿಂದ ಬೆಳಗಾವಿಗೆ, ಅಲ್ಲಿಂದ ಖಾನಾಪುರ ಲೋಂಡಾಗಳಿಗೆ ಹೋಗುವ ರೈಲುದಾರಿಯೇ ಮುಂಬಯಿಯ ಸರಕೆಲ್ಲವೂ ಬರುವ ದಾರಿಯಾಗಿತ್ತು. ಉತ್ತರಕ್ಕೆ ಸುಮಾರು ೧೧೦ ಕಿಲೋಮೀಟರು ದೂರದ ಕೊಲ್ಲಾಪುರವು ಚಿತ್ರನಿರ್ಮಾಣದ ಒಂದು ಪ್ರಸಿದ್ಧ ನೆಲೆ. ಬಾಬೂರಾವ್ ಪೇಂಟರರು ‘ಸೈರಂಧ್ರಿ’ ಎಂಬ ಮೂಕಚಿತ್ರವನ್ನು ೧೯೨೦ರಲ್ಲಿ ಹೊರತಂದುದು ಅಲ್ಲಿಂದಲೇ. ಪ್ರಭಾತ್ ಫಿಲ್ಮ್ ಕಂಪೆನಿಯು ೧೯೨೯ರಲ್ಲಿ ಹುಟ್ಟಿದುದೂ ಅಲ್ಲಿಯೇ, ೧೯೩೩ರಲ್ಲಿ ಅದು ಪುಣೆಗೆ ಹೋಯಿತು. ಕನ್ನಡದ ಮೊದಲನೆಯ ವಾಕ್ಚಿತ್ರವೆಂದು ಹೆಸರಾದ ‘ಸತಿ ಸುಲೋಚನಾ’ ೧೯೩೪ರ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಯ ಮೇಲೆ ಕಾಣಿಸಿತಾದರೂ, ಅದರ ಚಿತ್ರೀಕರಣವು ನಡೆದುದು ಕೊಲ್ಲಾಪುರದ ಛತ್ರಪತಿ ಸಿನೆಟೋನ್ ಸ್ಟುಡಿಯೋದಲ್ಲಿ. ಎಂದರೆ ಕನ್ನಡವು ತೆರೆಯ ಮೇಲೆ ಮಾತನಾಡಲು ಕಲಿತ ಸ್ಥಳವು ಬೆಂಗಳೂರಿಗಿಂತ ಬೆಳಗಾವಿಗೇ ಹತ್ತಿರ. ಹೀಗಿರುವಲ್ಲಿ, ಕ್ಯಾಂಪಿನ ಗ್ಲೋಬ್, ಪೇಟೆಯ ಪ್ರಕಾಶ್, ಚಿತ್ರಾ ಮೊದಲಾದ ಮಂದಿರಗಳಿದ್ದ ಈ ನಗರದಲ್ಲಿ ಕನ್ನಡ, ಮರಾಠಿ, ಹಿಂದಿ ಸುರುಳಿಗಳು ಒಂದೇ ಬೀದಿಯಲ್ಲಿ ಇಳಿದು ಹತ್ತುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಇನ್ನು ಫಿಲ್ಮು ಎಂಬ ವಸ್ತುವನ್ನೇ ನೋಡೋಣ. ಅದು ೩೫ ಮಿಲಿಮೀಟರು ಅಗಲವೂ ಮಿಲಿಮೀಟರಿನ ಏಳರಲ್ಲಿ ಒಂದು ಪಾಲಿನಷ್ಟು ದಪ್ಪವೂ ಇರುವ ಪಾರದರ್ಶಕವಾದ ಪಟ್ಟಿ. ಅದರ ಒಂದು ಮೈಗೆ ಜೆಲೆಟಿನ್ ಎಂಬ ಅಂಟಿನ ತೆಳುವಾದ ಲೇಪವಿರುತ್ತದೆ. ಚಿತ್ರವು ಇರುವುದು ಈ ಲೇಪದಲ್ಲಿ. ಎರಡು ಅಂಚುಗಳಲ್ಲಿಯೂ ಸಾಲಾಗಿ ರಂಧ್ರಗಳಿರುತ್ತವೆ, ಒಂದೊಂದು ಚಿತ್ರಕ್ಕೆ ಒಂದೊಂದು ಅಂಚಿನಲ್ಲಿ ನಾಲ್ಕು. ಒಂದು ಅಡಿ ಉದ್ದದಲ್ಲಿ ೧೬ ಚಿತ್ರಗಳು ಸೇರುತ್ತವೆ. ವಾಕ್ಚಿತ್ರವು ಬಂದ ಮೇಲೆ ವೇಗವು ಸೆಕೆಂಡಿಗೆ ೨೪ ಚಿತ್ರಗಳೆಂದು ನಿಶ್ಚಯವಾದುದರಿಂದ ನಿಮಿಷವೊಂದಕ್ಕೆ ೯೦ ಅಡಿ ಫಿಲ್ಮು ಯಂತ್ರದ ಮೂಲಕ ಹಾಯಬೇಕು. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಗಳಲ್ಲಿ ಮುಗಿಯುತ್ತದೆ. ಎರಡೂವರೆ ಗಂಟೆಯ ಒಂದು ಚಿತ್ರವೆಂದರೆ ೧೩,೫೦೦ ಅಡಿ, ಎಂದರೆ ನಾಲ್ಕು ಕಿಲೋಮೀಟರಿಗೂ ಮಿಕ್ಕ ಉದ್ದ; ಅದರಲ್ಲಿ ೨,೧೬,೦೦೦ ಬಿಡಿ ಚಿತ್ರಗಳು. ಫಿಲ್ಮಿನ ತೂಕವೇ ಸುಮಾರು ೨೫ ಕಿಲೋಗ್ರಾಂ. ತಗಡಿನ ಡಬ್ಬಿಗಳೂ ಪೆಟ್ಟಿಗೆಯೂ ಸೇರಿದರೆ ಒಬ್ಬ ಹಮಾಲನ ಹೊರೆ. ಜನರು ‘ಹದಿನಾಲ್ಕು ರೀಲಿನ ಆಟ’ ಎಂದು ಹೇಳುತ್ತಿದ್ದುದರ ಲೆಕ್ಕ ಇದೇ.

ನಾಲ್ಕು ಕಿಲೋಮೀಟರು ಉದ್ದದ ಈ ಪಟ್ಟಿಯು ಯಂತ್ರದಲ್ಲಿ ಎಡೆಬಿಡದೆ ಸರಸರನೆ ಹರಿದುಹೋಗುವುದೆಂದು ಅನೇಕರು ಭಾವಿಸುತ್ತಾರೆ. ಹಾಗೆ ಹರಿದರೆ ತೆರೆಯ ಮೇಲೆ ಬರಿಯ ಮಸುಕಲ್ಲದೆ ಬೇರೇನೂ ಕಾಣದು. ದೀಪದ ಎದುರಿಗೆ ಬಂದಾಗ ಒಂದೊಂದು ಚಿತ್ರವೂ ಕ್ಷಣಮಾತ್ರ ನಿಂತೇ ಮುಂದಕ್ಕೆ ಹೋಗಬೇಕು. ಇದನ್ನು ಸಾಧಿಸುವ ಅವಯವಕ್ಕೆ ಮಾಲ್ಟೀಸ್ ಕ್ರಾಸ್ ಎಂದು ಹೆಸರು. ನಾಲ್ಕು ಸೀಳುಗಳುಳ್ಳ ಒಂದು ಉಕ್ಕಿನ ಶಿಲುಬೆ. ಅದರ ಪಕ್ಕದಲ್ಲಿ ತಿರುಗುವ ಒಂದು ಚಕ್ರ. ಚಕ್ರದಲ್ಲಿ ಒಂದು ಗೂಟ. ಚಕ್ರವು ಒಂದು ಸುತ್ತು ತಿರುಗುವಾಗ ಗೂಟವು ಶಿಲುಬೆಯ ಸೀಳಿನೊಳಕ್ಕೆ ಹೊಕ್ಕು ಅದನ್ನು ಕಾಲು ಸುತ್ತು ತಿರುಗಿಸಿ ಹೊರಬರುತ್ತದೆ. ಮಿಕ್ಕ ಮುಕ್ಕಾಲು ಭಾಗದ ಹೊತ್ತು ಶಿಲುಬೆಯು ಅಲುಗದೆ ನಿಂತಿರುತ್ತದೆ. ಅದರ ಅಚ್ಚಿಗೆ ಸೇರಿದ ಹದಿನಾರು ಹಲ್ಲಿನ ಗಾಲಿಯು ಈ ಕಾಲು ಸುತ್ತಿನಲ್ಲಿ ನಾಲ್ಕು ರಂಧ್ರಗಳಷ್ಟು, ಎಂದರೆ ಸರಿಯಾಗಿ ಒಂದು ಚಿತ್ರದಷ್ಟು ಫಿಲ್ಮನ್ನು ಕೆಳಕ್ಕೆ ಎಳೆಯುತ್ತದೆ. ಎಳೆಯುವ ಕಾಲ ಸೆಕೆಂಡಿನ ೯೬ರಲ್ಲಿ ಒಂದು ಪಾಲು. ನಿಲ್ಲುವ ಕಾಲ ೩೨ರಲ್ಲಿ ಒಂದು ಪಾಲು. ಎಳೆಯುವಾಗ ಬೆಳಕನ್ನು ಮರೆಮಾಡಲು ಒಂದು ತಿರುಗುವ ರೆಕ್ಕೆಯಿರುತ್ತದೆ. ಒಂದೇ ಸಲ ಮರೆಮಾಡಿದರೆ ತೆರೆಯು ಮಿಣುಕಿ ಕಣ್ಣಿಗೆ ಆಯಾಸವಾಗುವುದೆಂದು, ಚಿತ್ರವು ನಿಂತಿರುವಾಗಲೂ ಇನ್ನೊಮ್ಮೆ ಮರೆಮಾಡಿ, ಸೆಕೆಂಡಿಗೆ ೪೮ ಸಲ ಬೆಳಕು ಬೀಳುವಂತೆ ಮಾಡಿದ್ದಾರೆ. ಆಟದ ಕಾಲದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೊತ್ತು ತೆರೆಯು ಕತ್ತಲಾಗಿಯೇ ಇರುತ್ತಿತ್ತೆಂದು ಹೇಳಿದರೆ ಕೇಳಿದವರು ನಂಬುವುದು ಕಷ್ಟ. ಆದರೂ ಅದು ನಿಜ. ಬಿಡಿ ಚಿತ್ರಗಳನ್ನು ಬೆಸೆದು ಚಲನೆಯನ್ನು ಕಾಣುವುದು ಕಣ್ಣಿನ ಒಂದು ಲೋಪವೆಂದು ಹಿಂದೆ ಹೇಳುತ್ತಿದ್ದರು. ಅದು ಮಿದುಳಿನ ಕೆಲಸವೆಂದು ಈಚಿನ ಮನಶ್ಶಾಸ್ತ್ರವು ಹೇಳುತ್ತದೆ.

ಧ್ವನಿಯ ವಿಷಯವು ಇದಕ್ಕೆ ವಿರುದ್ಧವಾದುದು. ಚಿತ್ರಗಳ ಪಕ್ಕದಲ್ಲಿ ಫಿಲ್ಮಿನ ಮೇಲೆಯೇ ಧ್ವನಿಯ ರೇಖೆಯು ಅಚ್ಚಾಗಿರುತ್ತದೆ. ಒಂದು ಸಣ್ಣ ದೀಪದ ಬೆಳಕು ಕೂದಲೆಳೆಯಷ್ಟು ಕಿರಿದಾದ ಸೀಳಿನಿಂದ ಈ ರೇಖೆಯ ಮೂಲಕ ಹಾದು, ಬೆಳಕನ್ನು ವಿದ್ಯುತ್ತಾಗಿಸುವ ಒಂದು ಕೋಶದ ಮೇಲೆ ಬೀಳುತ್ತದೆ. ರೇಖೆಯ ಅಗಲವು ಹೆಚ್ಚುಕಡಿಮೆಯಾದಂತೆ ವಿದ್ಯುತ್ತೂ ಹೆಚ್ಚುಕಡಿಮೆಯಾಗಿ, ಆಂಪ್ಲಿಫಯರಿನಲ್ಲಿ ಬಲಗೊಂಡು, ತೆರೆಯ ಹಿಂದಿನ ಸ್ಪೀಕರಿನಲ್ಲಿ ಶಬ್ದವಾಗುತ್ತದೆ. ಇಲ್ಲಿ ಫಿಲ್ಮು ಸ್ವಲ್ಪವಾದರೂ ನಿಂತು ಚಲಿಸಿದರೆ ಗಾಯಕಿಯ ಕಂಠವು ನಡುಗಿಹೋಗುತ್ತದೆ. ಅದು ನೀರಿನಂತೆ ಸಮವಾಗಿ ಹರಿಯಬೇಕು. ಒಂದೇ ಪಟ್ಟಿಯು ಮೇಲೆ ನಿಂತುನಿಂತು ನಡೆಯಬೇಕು, ಒಂದು ಗೇಣು ಕೆಳಗೆ ನಿಲ್ಲದೆ ಹರಿಯಬೇಕು! ಈ ಸಂಧಾನಕ್ಕಾಗಿ ಗೇಟಿನ ಮೇಲೂ ಕೆಳಗೂ ಫಿಲ್ಮನ್ನು ಸಡಿಲವಾಗಿ ಬಳುಕಿಸಿ ಬಿಡುತ್ತಾರೆ. ಇದಕ್ಕೆ ಲೂಪು ಎನ್ನುವರು. ಚಿತ್ರವು ದೀಪದ ಎದುರಿಗೆ ಬರುವ ಹೊತ್ತಿಗೆ ಅದರ ಮಾತು ಸುಮಾರು ೨೦ ಚಿತ್ರಗಳಷ್ಟು ಮುಂದೆ ಇರುವಂತೆ ಅಚ್ಚುಹಾಕಿರುವುದರಿಂದ, ಲೂಪಿನ ಅಳತೆಯು ತಪ್ಪಿದರೆ ತುಟಿಯ ಅಲುಗಾಟಕ್ಕೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಲೂಪು ತೀರ ಚಿಕ್ಕದಾದರೆ ರಂಧ್ರಗಳೇ ಹರಿಯುತ್ತವೆ.

ಸುರುಳಿಗಳು ಮಂದಿರಕ್ಕೆ ಬಂದೊಡನೆ ಅವುಗಳನ್ನು ಯಂತ್ರಕ್ಕೆ ಏರಿಸತಕ್ಕದ್ದಲ್ಲ. ಮೊದಲು ಪರೀಕ್ಷೆ ನಡೆಯಬೇಕು. ಎರಡು ಕೈತಿರುವುಗಳ ನಡುವೆ ಫಿಲ್ಮನ್ನು ನಿಧಾನವಾಗಿ ಸುತ್ತುತ್ತ, ಹತ್ತಿಯ ಕೈಚೀಲ ತೊಟ್ಟ ಎರಡು ಬೆರಳುಗಳಿಂದ ಅದರ ಅಂಚುಗಳನ್ನು ಮಾತ್ರ ಹಿಡಿದು, ಹರಿದ ರಂಧ್ರವನ್ನೂ ಬಿಟ್ಟ ಬೆಸುಗೆಯನ್ನೂ ಸ್ಪರ್ಶದಿಂದಲೇ ಗುರುತಿಸಬೇಕು. ನುರಿತ ಆಪರೇಟರನ ಕಣ್ಣಿಗಿಂತ ಬೆರಳೇ ಇಲ್ಲಿ ಹೆಚ್ಚು ನಂಬಿಕೆಗೆ ಅರ್ಹ. ಚಿತ್ರದ ಮೈಯನ್ನು ಬೆರಳು ಮುಟ್ಟಲೇಬಾರದು. ಏಕೆಂದರೆ ಸುಮಾರು ೨೧ ಮಿಲಿಮೀಟರು ಅಗಲದ ಚಿತ್ರವನ್ನು ೨೦ ಅಡಿ ಅಗಲದ ತೆರೆಗೆ ಹಿಗ್ಗಿಸಿದಾಗ ಅದು ೨೯೦ ಮಡಿ ದೊಡ್ಡದಾಗುತ್ತದೆ. ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲಿನ ಧೂಳಿನ ಕಣವು ತೆರೆಯ ಮೇಲೆ ಒಂದೂವರೆ ಸೆಂಟಿಮೀಟರಿನ ಮಚ್ಚೆಯಾಗುತ್ತದೆ. ಹರಿದಲ್ಲಿ ಬೆಸೆಯುವಾಗ ಲೇಪವನ್ನು ಒಂದಿಷ್ಟು ಕೆರೆದು, ದ್ರಾವಕದ ಅಂಟು ಹಚ್ಚಿ, ರಂಧ್ರಕ್ಕೆ ರಂಧ್ರ ಕೂಡುವಂತೆ ಅದುಮಬೇಕು. ಬೆಸುಗೆಯು ಧ್ವನಿಯ ಸೀಳನ್ನು ದಾಟುವಾಗ ಟಪ್ಪೆಂದು ಸದ್ದಾಗದಂತೆ ಆ ಸ್ಥಳದಲ್ಲಿ ರೇಖೆಯ ಮೇಲೆ ಓರೆಯಾಗಿ ಮಸಿ ಬಳಿಯುತ್ತಿದ್ದರು. ಪ್ರತಿ ಬೆಸುಗೆಯಲ್ಲೂ ಒಂದೆರಡು ಚಿತ್ರಗಳು ನಷ್ಟವಾಗುತ್ತವೆ. ಹತ್ತು ಊರು ತಿರುಗಿದ ಸುರುಳಿಯಲ್ಲಿ ಮಾತಿನ ಮಧ್ಯದ ಶಬ್ದಗಳೇ ಮಾಯವಾಗಿರುತ್ತಿದ್ದುದಕ್ಕೆ ಕಾರಣವಿದು. ಕೊನೆಗೆ ಬಂದ ಪಾಲಿಯೆಸ್ಟರ್ ಫಿಲ್ಮಿಗೆ ಈ ಅಂಟು ಹಿಡಿಯುವುದಿಲ್ಲ. ಅದು ಹರಿಯುವುದೂ ಇಲ್ಲ, ಸಿಕ್ಕಿಕೊಂಡರೆ ಯಂತ್ರವನ್ನೇ ಮುರಿಯುತ್ತದೆ.

ಲೆನ್ಸು ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಫಿಲ್ಮನ್ನು ತಲೆಕೆಳಗಾಗಿಯೇ ಯಂತ್ರಕ್ಕೆ ಹಾಕಬೇಕು. ಒಂದು ರೀಲು ಮುಗಿಯುವಾಗ ಇನ್ನೊಂದನ್ನು ಆಟಕ್ಕೆ ಭಂಗವಿಲ್ಲದೆ ಆರಂಭಿಸುವುದಕ್ಕಾಗಿ ದೊಡ್ಡ ಮಂದಿರಗಳಲ್ಲಿ ಎರಡು ಯಂತ್ರಗಳಿರುತ್ತಿದ್ದುವು. ರೀಲು ಮುಗಿಯಲು ಸುಮಾರು ಎಂಟು ಸೆಕೆಂಡು ಇರುವಾಗ ತೆರೆಯ ಬಲಗಡೆಯ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಕ್ಷಣಕಾಲ ಮಿನುಗುತ್ತದೆ. ಆಗ ಎರಡನೆಯ ಯಂತ್ರವನ್ನು ಚಾಲೂ ಮಾಡಬೇಕು. ಅದು ಪೂರ್ಣವೇಗಕ್ಕೆ ಬರುವಷ್ಟರಲ್ಲಿ ಇನ್ನೊಂದು ಚುಕ್ಕೆ ಮಿನುಗುತ್ತದೆ. ಒಡನೆಯೇ ಮೊದಲನೆಯದರ ಬೆಳಕನ್ನೂ ಧ್ವನಿಯನ್ನೂ ಮುಚ್ಚಿ ಎರಡನೆಯದರವನ್ನು ತೆರೆಯಬೇಕು. ಆಟದುದ್ದಕ್ಕೂ ಈ ಮೂಲೆಯ ಚುಕ್ಕೆಗಾಗಿ ಕಾದವರು ಆಪರೇಟರೊಬ್ಬರೇ. ಕಥೆಯಲ್ಲಿ ಮುಳುಗಿದ ಪ್ರೇಕ್ಷಕನು ಅದನ್ನು ಕಂಡರೂ ಕಾಣದವನಂತೆಯೇ ಇರುತ್ತಿದ್ದನು. ಮುಗಿದ ರೀಲನ್ನು ಕೂಡಲೇ ಹಿಂದಕ್ಕೆ ಸುತ್ತಿಡದಿದ್ದರೆ ಮುಂದಿನ ಆಟದಲ್ಲಿ ಅದು ಬಾಲದಿಂದ ಆರಂಭವಾಗುವುದು!

ದೀಪದ ವಿಚಾರವೂ ಸಾಮಾನ್ಯವಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಗಳನ್ನು ಮುಟ್ಟಿಸಿ ಬೇರ್ಪಡಿಸಿದರೆ ನಡುವಣ ಎಡೆಯಲ್ಲಿ ವಿದ್ಯುತ್ತಿನ ಜ್ವಾಲೆಯು ನಿಲ್ಲುತ್ತದೆ. ಧನಾಗ್ರದ ಕುಳಿಯ ಉಷ್ಣತೆಯು ಮೂರೂವರೆ ಸಾವಿರ ಡಿಗ್ರಿ ಸೆಂಟಿಗ್ರೇಡಿಗೂ ಹೆಚ್ಚು. ಕಡ್ಡಿಗಳು ಉರಿದು ಸವೆದಂತೆ ಎಡೆಯು ಹೆಚ್ಚಿ ತೆರೆಯು ಮಬ್ಬಾಗುತ್ತದೆ; ಆಗಾಗ ತಿರುಪನ್ನು ತಿರುಗಿಸಿ ಅವುಗಳನ್ನು ಹತ್ತಿರಕ್ಕೆ ತರುತ್ತಿರಬೇಕು. ಬರಿಗಣ್ಣಿನಿಂದ ನೋಡಿದರೆ ದೃಷ್ಟಿಗೆ ಅಪಾಯವಾದುದರಿಂದ ಬಣ್ಣದ ಗಾಜಿನ ಕಿಂಡಿಯಲ್ಲಿ ನೋಡುತ್ತಿದ್ದರು. ಹೊಗೆಯು ಹೋಗಲು ಕೊಳವೆ ಬೇಕು. ಅದು ಸರಿಯಿಲ್ಲದ ಕೋಣೆಯಲ್ಲಿ ಕೆಲಸಗಾರನ ಪುಪ್ಪುಸವೇ ಕೊಳವೆಯಾಗುತ್ತಿತ್ತು. ೧೯೫೦ರ ದಶಕದಲ್ಲಿ ಬಂದ ಕ್ಸೆನಾನ್ ದೀಪವು ಈ ಗೋಳನ್ನು ಕ್ರಮೇಣ ತಪ್ಪಿಸಿತು. ಅದರೊಳಗಿನ ಅನಿಲದ ಒತ್ತಡವು ಬಹಳವಾದುದರಿಂದ ಒಡೆದೀತೆಂಬ ಭಯವಿತ್ತು. ಅದನ್ನು ಬದಲಿಸುವಾಗ ಮುಖಕ್ಕೆ ಕಾಪು, ಕೈಗೆ ಚೀಲ ಅಗತ್ಯ.

ಇಂಥ ಉರಿಯ ಮುಂದೆ ಹಾಯುತ್ತಿದ್ದ ಹಳೆಯ ಫಿಲ್ಮು ನೈಟ್ರೇಟ್ ಸೆಲ್ಯುಲಾಯ್ಡಿನದು. ಅದು ಸಿಡಿಮದ್ದಿನ ನೆಂಟನೇ ಸರಿ. ಉರಿಯಲು ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರದು. ಅದರ ಹೊಗೆಯು ವಿಷ. ಗೇಟಿನಲ್ಲಿ ಫಿಲ್ಮು ಕೆಲವು ಕ್ಷಣ ನಿಂತರೆ ಸಾಕು, ಹೊತ್ತಿಕೊಳ್ಳುತ್ತಿತ್ತು. ಆದುದರಿಂದಲೇ ವೇಗವು ತಗ್ಗಿದೊಡನೆ ತಾನಾಗಿ ಬಿದ್ದು ಬೆಳಕನ್ನು ತಡೆಯುವ ಲೋಹದ ರೆಕ್ಕೆ, ಜ್ವಾಲೆಯು ಒಳಹೋಗದಂತೆ ಫಿಲ್ಮನ್ನು ಬಿಗಿಯಾಗಿ ಹಿಡಿಯುವ ಉರುಳೆಗಳುಳ್ಳ ಮುಚ್ಚಿದ ಪೆಟ್ಟಿಗೆಗಳು, ಇಟ್ಟಿಗೆ ಅಥವಾ ಕಾಂಕ್ರೀಟಿನ ಕೋಣೆ, ಕಿಂಡಿಗಳಿಗೆ ಉಕ್ಕಿನ ಬಾಗಿಲು, ಮರಳಿನ ಬಕೆಟ್ಟು ಇವೆಲ್ಲ ಬಂದುವು. ೧೮೯೭ರ ಮೇ ೪ರಂದು ಪ್ಯಾರಿಸಿನ ಧರ್ಮಸಂತೆಯೊಂದರಲ್ಲಿ ಚಿತ್ರಯಂತ್ರದ ಈಥರ್ ದೀಪದಿಂದ ಹುಟ್ಟಿದ ಬೆಂಕಿಯು ನೂರಕ್ಕೂ ಹೆಚ್ಚು ಮಂದಿಯನ್ನು ಬಲಿತೆಗೆದುಕೊಂಡ ಮೇಲೆ ಲೋಕವು ಈ ಪಾಠವನ್ನು ಕಲಿಯತೊಡಗಿತು. ನಮ್ಮ ದೇಶದಲ್ಲಿ ೧೯೧೮ರ ಸಿನೆಮಟೋಗ್ರಾಫ್ ಕಾಯಿದೆಯು ಪ್ರದರ್ಶನದ ಸ್ಥಳಕ್ಕೆ ಪರವಾನಗಿಯನ್ನು ಕಡ್ಡಾಯ ಮಾಡಿತು. ೧೯೫೦ರ ದಶಕದ ಆರಂಭಕ್ಕೆ ನೈಟ್ರೇಟ್ ಫಿಲ್ಮಿನ ತಯಾರಿಕೆ ನಿಂತು, ಬೇಗನೆ ಉರಿಯದ ಅಸಿಟೇಟ್ ಫಿಲ್ಮು ಅದರ ಸ್ಥಾನಕ್ಕೆ ಬಂದಿತು.

ಈಗ ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೊರಡೋಣ. ದಾರಿ ಇಪ್ಪತ್ತೈದು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಕಡಿಮೆ. ಆದರೆ ಸುರುಳಿಯ ಆಯುಷ್ಯದಲ್ಲಿ ಅದು ಬಹುದೂರದ ಪಯಣ. ಹೊಸ ಪ್ರತಿಗಳು ದೊಡ್ಡ ನಗರಗಳಿಗೆ ಮೊದಲು ಹೋಗುತ್ತಿದ್ದುವು. ಅಲ್ಲಿ ಜನರ ಉತ್ಸಾಹವು ತಗ್ಗಿದ ಮೇಲೆ ಜಿಲ್ಲಾಸ್ಥಳಗಳಿಗೆ, ಅಲ್ಲಿಂದ ತಾಲ್ಲೂಕುಗಳಿಗೆ, ಕಟ್ಟಕಡೆಗೆ ಟೂರಿಂಗ್ ಟಾಕೀಸುಗಳ ಡೇರೆಗಳಿಗೆ. ಅಷ್ಟರಲ್ಲಿ ಸುರುಳಿಯು ನೂರಾರು ಸಲ ಯಂತ್ರದ ಹಲ್ಲುಗಳ ಮೂಲಕ ಹಾದಿರುತ್ತಿತ್ತು. ಗೇಟಿನಲ್ಲಿ ಕೂಡಿದ ಧೂಳು ಉದ್ದಕ್ಕೆ ಗೀರುಗಳನ್ನು ಎಳೆದಿರುತ್ತಿತ್ತು. ಈ ಗೀರುಗಳು ತೆರೆಯ ಮೇಲೆ ಎಡೆಬಿಡದ ಜಡಿಮಳೆಯಂತೆ ಕಾಣುತ್ತವೆ. ಕಥೆಯಲ್ಲಿ ಬೇಸಗೆಯಿದ್ದರೂ ಡೇರೆಯ ತೆರೆಯಲ್ಲಿ ಸದಾ ಮಳೆಗಾಲ!

ನಿಜವಾದ ಮಳೆಯ ತೊಂದರೆಯು ಇದಕ್ಕಿಂತ ಗಹನವಾದುದು. ಖಾನಾಪುರದ ತಾಲ್ಲೂಕು ಸಹ್ಯಾದ್ರಿಯ ಮಡಿಲಿನಲ್ಲಿದೆ. ಮಲಪ್ರಭೆಯು ಹುಟ್ಟುವ ಕಣಕುಂಬಿಯ ಕಡೆ ಮುಂಗಾರು ಹಿಡಿಯಿತೆಂದರೆ ವಾರಗಟ್ಟಲೆ ಬಿಡುವುದಿಲ್ಲ. ಡೇರೆಯ ಆಟಗಳು ಒಣ ಋತುವಿನ ಆಟಗಳು. ಮಳೆಗಾಲದಲ್ಲಿ ಬಟ್ಟೆಯ ಮಾಡು ನಿಲ್ಲಲಾರದು. ಒಣಗಾಲದಲ್ಲಿ ಕೆಂಧೂಳು, ಮಳೆಗಾಲದಲ್ಲಿ ತೇವ. ಜೆಲೆಟಿನ್ ಎಂಬುದು ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ವಸ್ತು. ತೇವಾಂಶವನ್ನು ಅದು ಹೀರುತ್ತದೆ, ಉಬ್ಬುತ್ತದೆ, ಸುತ್ತಿಗೆ ಸುತ್ತು ಅಂಟಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಆಷಾಢದ ಉಪ್ಪಿನಕಾಯಿಗೆ ಹಿಡಿಯುವ ಬೂಸಲಿನಂಥದೇ ಫಿಲ್ಮಿಗೂ ಹಿಡಿದು ಚಿತ್ರವನ್ನು ತಿನ್ನುತ್ತದೆ. ಅತಿಯಾದ ಒಣಹವೆಯಲ್ಲಿಯಾದರೋ ಪಟ್ಟಿಯು ಕುಗ್ಗಿ, ಅದರ ರಂಧ್ರಗಳು ಯಂತ್ರದ ಹಲ್ಲಿಗೆ ಹೊಂದದೆ ಹರಿಯುತ್ತವೆ.

ಡೇರೆಯ ಆಪರೇಟರನಿಗೆ ನಗರದ ಅನುಕೂಲಗಳೂ ಇರಲಿಲ್ಲ. ವಿದ್ಯುತ್ತು ಬಾರದ ಊರಿನಲ್ಲಿ ಎಣ್ಣೆಯ ಎಂಜಿನು ತಿರುಗಿಸುವ ಡೈನಮೋ ಒಂದೇ ಗತಿ. ಎಂಜಿನು ಕುಂಟಿದರೆ ಬೆಳಕೂ ಕುಂಟುತ್ತದೆ. ಅನೇಕ ಡೇರೆಗಳಲ್ಲಿ ಯಂತ್ರವು ಒಂದೇ ಆಗಿದ್ದುದರಿಂದ ರೀಲು ಮುಗಿದಾಗಲೆಲ್ಲ ಆಟವು ನಿಲ್ಲುತ್ತಿತ್ತು. ಜನರು ಬೀಡಿ ಹಚ್ಚುವುದಕ್ಕೂ ಕಡಲೆಕಾಯಿ ಕೊಳ್ಳುವುದಕ್ಕೂ ಆ ವಿರಾಮ ಒದಗುತ್ತಿತ್ತು. ಇಷ್ಟೆಲ್ಲ ಕೊರತೆಗಳ ನಡುವೆ, ದೊಡ್ಡ ನಗರದವರು ಬಳಸಿ ಬಿಟ್ಟ ಪ್ರತಿಯನ್ನು ಬೆಸೆದು, ಒರಸಿ, ಮತ್ತೆ ಮಾತನಾಡುವಂತೆ ಮಾಡಿದವರು ಈ ಕೆಲಸಗಾರರು. ಕಾಡಂಚಿನ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದವನಿಗೆ ಚಲಚ್ಚಿತ್ರವನ್ನು ಕಾಣಿಸಿದುದು ಅವರ ಬೆರಳುಗಳೇ.

ಈ ಎಲ್ಲ ಶ್ರಮವು ಏತಕ್ಕೆ ಮುಖ್ಯವೆಂದು ಕೇಳಬಹುದು. ಯಂತ್ರಗಳು ಬದಲಾಗುವುದು ಲೋಕಧರ್ಮವಷ್ಟೆ. ಉತ್ತರವು ‘ಸತಿ ಸುಲೋಚನಾ’ದ ಕಥೆಯಲ್ಲಿದೆ. ಆ ಚಿತ್ರದ ಒಂದು ಪ್ರತಿಯಾದರೂ ಉಳಿದಿರುವುದಾಗಿ ತಿಳಿದುಬಂದಿಲ್ಲ. ೧೯೩೧ರ ‘ಆಲಂ ಆರಾ’ದ ಗತಿಯೂ ಅದೇ. ಪುಸ್ತಕವೊಂದರ ಸಾವಿರ ಪ್ರತಿಗಳಲ್ಲಿ ಹತ್ತಾದರೂ ಯಾರದೋ ಮನೆಯ ಅಟ್ಟದಲ್ಲಿ ಉಳಿಯುತ್ತವೆ. ಚಿತ್ರದ ಪ್ರತಿಗಳು ಎಣಿಕೆಗೆ ಸಿಗುವಷ್ಟೇ. ಅವು ತಿರುಗಿ ತಿರುಗಿ ಸವೆಯುತ್ತಿದ್ದುವು, ಸವೆದವುಗಳನ್ನು ಲೇಪದಲ್ಲಿನ ಬೆಳ್ಳಿಗಾಗಿ ಕರಗಿಸುತ್ತಿದ್ದರು. ಉಳಿಸುವುದಕ್ಕೆಂದೇ ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಸ್ಥಾಪಿತವಾಯಿತು. ಅಷ್ಟರಲ್ಲಿ ಕನ್ನಡದ ವಾಕ್ಚಿತ್ರಕ್ಕೆ ಮೂವತ್ತು ವರ್ಷವಾಗಿತ್ತು. ಅಲ್ಲಿಯೂ ೨೦೦೩ರ ಜನವರಿ ೮ರ ಬೆಂಕಿಯಲ್ಲಿ ಬೆಲೆಕಟ್ಟಲಾಗದ ಹಳೆಯ ನೈಟ್ರೇಟ್ ಸುರುಳಿಗಳು ಸುಟ್ಟುಹೋದುವು. ಅಸಿಟೇಟ್ ಫಿಲ್ಮಿಗೆ ಬೆಂಕಿಯ ಭಯವು ಕಡಿಮೆಯಾದರೂ ಅದಕ್ಕೆ ಬೇರೊಂದು ರೋಗವುಂಟು: ಸೆಕೆ ತೇವಗಳಲ್ಲಿ ಇಟ್ಟರೆ ಅದು ಹುಳಿಯ ವಾಸನೆ ಬೀರುತ್ತ ತಾನಾಗಿ ಕರಗತೊಡಗುತ್ತದೆ, ಒಂದು ಸುರುಳಿಯ ಹುಳಿಯು ಪಕ್ಕದ ಸುರುಳಿಗೂ ತಗಲುತ್ತದೆ.

ಆದುದರಿಂದ ಹಳೆಯ ಮಂದಿರವನ್ನು ಕೆಡವುವಾಗಲೋ, ಡೇರೆಯ ಯಜಮಾನರ ವಂಶದವರು ಮನೆಯನ್ನು ಗುಡಿಸುವಾಗಲೋ ತುಕ್ಕು ಹಿಡಿದ ತಗಡಿನ ದುಂಡನೆಯ ಡಬ್ಬಿಯು ಸಿಕ್ಕಿದರೆ ಹೀಗೆ ಮಾಡತಕ್ಕದ್ದು. ಅದನ್ನು ಗುಜರಿಗೆ ಹಾಕಬಾರದು. ಕುತೂಹಲಕ್ಕಾಗಿ ಯಂತ್ರಕ್ಕೆ ಏರಿಸಲೂಬಾರದು; ಕುಗ್ಗಿದ ಫಿಲ್ಮು ಒಂದೇ ಓಟದಲ್ಲಿ ಚೂರಾಗಬಹುದು. ೧೯೫೦ರ ದಶಕದ ಮೊದಲ ವರ್ಷಗಳಿಗಿಂತ ಹಿಂದಿನದೆಂದು ತೋರಿದರೆ ದೀಪ, ಬೀಡಿ, ಒಲೆ, ಬಿಸಿಲುಗಳಿಂದ ದೂರವಿಡಬೇಕು. ಸಾಮಾನ್ಯ ಟಪ್ಪಾಲಿನಲ್ಲಿ ಕಳುಹಿಸಬಾರದು. ಹುಳಿಯ ವಾಸನೆಯಿದ್ದರೆ ಬೇರೆ ಡಬ್ಬಿಗಳಿಂದ ಅಗಲಿಸಬೇಕು. ಮನೆಯಲ್ಲಿ ಅತ್ಯಂತ ತಂಪಾಗಿಯೂ ಒಣಗಿಯೂ ಇರುವ ಸ್ಥಳದಲ್ಲಿ ಡಬ್ಬಿಯನ್ನು ಅಡ್ಡವಾಗಿ ಮಲಗಿಸಿಟ್ಟು, ಅದರ ಮೇಲಿನ ಚೀಟಿಯನ್ನು ಕೀಳದೆ, ಅಲ್ಲಿನ ಅಕ್ಷರಗಳನ್ನು ಬರೆದುಕೊಂಡು, ಪುಣೆಯ ಸಂಗ್ರಹಾಲಯಕ್ಕೆ ತಿಳಿಸಬೇಕು. ಬೆಳಗಾವಿಯಿಂದ ಪುಣೆಗೆ ರೈಲು ಇಂದಿಗೂ ಅದೇ ದಾರಿಯಲ್ಲಿ ಹೋಗುತ್ತದೆ.

ಡಬ್ಬಿಯೊಡನೆ ಇನ್ನೊಂದನ್ನೂ ಉಳಿಸುವುದು ಅಗತ್ಯ. ಲೂಪಿನ ಅಳತೆ, ಬೆಸುಗೆಯ ಹದ, ಚುಕ್ಕೆ ಕಂಡೊಡನೆ ಕೈ ನಡೆಯಬೇಕಾದ ಲಯ ಇವು ಗ್ರಂಥದಿಂದ ಪೂರ್ತಿಯಾಗಿ ಬರುವ ವಿದ್ಯೆಯಲ್ಲ. ಮುಂದೆಂದಾದರೂ ಒಂದು ಹಳೆಯ ಕನ್ನಡ ಸುರುಳಿ ದೊರೆತರೆ ಅದನ್ನು ಹರಿಯದೆ ಬಿಚ್ಚಲು ಬಲ್ಲ ಬೆರಳುಗಳು ಬೇಕು. ಬೆಳಗಾವಿಯಲ್ಲಿಯೂ ಖಾನಾಪುರದ ಸುತ್ತಮುತ್ತಲೂ ಈ ಕೆಲಸವನ್ನು ಮಾಡಿ ಮುಪ್ಪಾದವರು ಇದ್ದಾರೆ. ಅವರ ಬಳಿಗೆ ತರುಣರು ಹೋಗಿ ಕೇಳಲಿ, ಬರೆದುಕೊಳ್ಳಲಿ, ಸಾಧ್ಯವಾದರೆ ಕೈಯಿಂದ ಕೈಗೆ ಕಲಿಯಲಿ. ಬಹುಕಾಲ ನಮ್ಮ ಬೆನ್ನ ಹಿಂದೆ ನಿಂತು ಬೆಳಕು ತೋರಿದವರ ಕಡೆಗೆ, ಆಟವು ನಿಲ್ಲದಿದ್ದಾಗಲೂ ಒಮ್ಮೆ ತಿರುಗಿ ನೋಡುವುದು ನಮ್ಮ ಕರ್ತವ್ಯ.